ಡೌಲಣ್ಣನ ದೊಡ್ಡ ಪರದೆ

ಎಲ್ಲದಕ್ಕೂ ಮೂಲ ಷಡ್ಡಕನ ಲಾರಿಯಲ್ಲಿದ್ದ ಏಳು ಇಂಚಿನ ಟಚ್‌ಸ್ಕ್ರೀನು. ಹೆಂಡತಿಯ ತಂಗಿಯ ಗಂಡ, ವಯಸ್ಸಿನಲ್ಲಿ ಚಿಕ್ಕವನು, ಡೌಲಣ್ಣ ತಾನೇ ಪಕ್ಕದಲ್ಲಿ ಕೂರಿಸಿಕೊಂಡು ಲಾರಿ ಕಲಿಸಿದ ಹುಡುಗ. ಅಂಥವನು ಹಿಂದಿನ ಸಂಜೆ ಗೇರು ಹಿಂದಕ್ಕೆಳೆದು, “ನೋಡಿ ಭಾವ, ರಿವರ್ಸ್ ಹಾಕಿದ್ರೆ ಹಿಂದೆ ನಾಯಿ ಮಲಗಿದ್ರೂ ಕಾಣುತ್ತೆ” ಎಂದಿದ್ದ. ಅಷ್ಟಕ್ಕೇ ಡೌಲಣ್ಣನಿಗೆ ಊಟ ಸೇರದೆ ಹೋಯಿತು.

ಡೌಲಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಲಾರಿ ಸ್ಟ್ಯಾಂಡಿನವರು ಇಟ್ಟದ್ದು, ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಅವನಿಗೆ ಕೂತದ್ದು. ಅವನ ಲಾರಿಯ ವೈಪರು ಮುರಿದು ಎಷ್ಟೋ ಕಾಲವಾಗಿತ್ತು. ಮಳೆ ಬಂದರೆ ಕಿಟಕಿಯಿಂದ ಕೈ ಚಾಚಿ ಹಳೇ ಬನಿಯನ್ನಿನಲ್ಲಿ ಗಾಜು ಒರೆಸುತ್ತಿದ್ದ. ಹಾರನ್ನು ಮಾತ್ರ ಮೂರು ರಾಗದ್ದು.

ಅಂದು ಮಧ್ಯಾಹ್ನ ಬಣ್ಣದ ಡಬ್ಬಗಳ ಗೋದಾಮಿನಲ್ಲಿ ಸೂಪರ್‌ವೈಸರು ಖಾಯಂ ಲಾರಿಯನ್ನು ಆರಿಸುವವರಿದ್ದರು. ಖಾಯಂ ಆದರೆ ದಿನವೂ ಲೋಡು. ಆಗದಿದ್ದರೆ ಇಷ್ಟು ವರ್ಷ ಮಾಡಿದ್ದೇ ಗತಿ: ಗೇಟಿನ ಮುಂದೆ ಸಾಲಿನಲ್ಲಿ ನಿಂತು ತೂಕಡಿಸುವುದು. ಸರದಿಯ ನಂಬರು ತೋರಿಸುತ್ತಿದ್ದ ಬೋರ್ಡು ಸುಟ್ಟುಹೋಗಿತ್ತು. ಕಾವಲುಗಾರ ಗಂಟಲು ಹರಿದುಕೊಂಡು ಕೂಗಿದ್ದು ಹಿಂದಿನ ಲಾರಿಗಳಿಗೆ ಕೇಳಿಸದೆ ದಿನವೂ ಜಗಳ.

“ರೀ, ಮೊದ್ಲು ವೈಪರ್ ಹಾಕಿಸಿ” ಎಂದಳು ಹೆಂಡತಿ. “ಅವರು ಬರೋದು ಲಾರಿ ನೋಡೋಕೆ.”

“ನಿಂಗೇನು ಗೊತ್ತಾಗುತ್ತೆ. ಈಗೆಲ್ಲ ಸ್ಕ್ರೀನ್ ನೋಡಿಯೇ ಕೆಲಸ ಕೊಡೋದು.”

“ಹಾಗಾದ್ರೆ ಮನೆ ಟೀವಿನೇ ಹೊತ್ಕೊಂಡು ಹೋಗಿ.”

ಮಾತಿನ ಕುಹಕ ಅವನ ಕಿವಿಗೆ ಬೀಳಲಿಲ್ಲ. ಟೀವಿಯ ಅಳತೆ ಮಾತ್ರ ತಲೆಯಲ್ಲಿ ಉಳಿಯಿತು.

ಪರದೆ ಕೊಳ್ಳಲು ಹೊರಟವನ ಜೊತೆ ಕರೆಯದೆಯೇ ಇಬ್ಬರು ಹತ್ತಿಕೊಂಡರು. ಒಬ್ಬ ಪಂಕ್ಚರ್ ಅಂಗಡಿಯವ. ಇನ್ನೊಬ್ಬ ಪಕ್ಕದ ಮನೆಯ ಇನ್ಶೂರೆನ್ಸ್ ಏಜೆಂಟ್, ಲಾರಿಯೊಳಗೆ ಕೂತದ್ದೇ ಅವತ್ತು ಮೊದಲು.

ಪರದೆಯ ಅಂಗಡಿಯವನು ಡ್ಯಾಶ್‌ಬೋರ್ಡಿಗೆ ಅಳತೆ ಟೇಪು ಹಿಡಿದು, “ಈ ಜಾಗಕ್ಕೆ ಏಳು ಇಂಚೇ ಸರಿ ಸಾರ್” ಎಂದ.

“ಷಡ್ಡಕಂದೇ ಏಳು” ಎಂದ ಪಂಕ್ಚರಿನವ. “ಹತ್ತಾದ್ರೂ ಬೇಡ್ವಾ ಅಣ್ಣ? ನಾಳೆ ನಾವು ಮುಖ ತೋರಿಸೋದು ಹೇಗೆ?”

“ಹತ್ತು ಯಾರ ಹತ್ರ ಇಲ್ಲ ಹೇಳಿ” ಎಂದ ಏಜೆಂಟ್. “ಒಂದೇ ಸಲ ಹಾಕಿಸೋದು. ದೊಡ್ಡದು ನೋಡ್ರೀ.”

ಅಂಗಡಿಯವನು ಬುದ್ಧಿವಂತ, ನಿಜವನ್ನು ಎರಡನೇ ಸಲ ಹೇಳುವ ಗೋಜಿಗೆ ಹೋಗಲಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಪೆಟ್ಟಿಗೆಯನ್ನು ಎಳೆದು ತಂದ. ಒಳಗಿದ್ದದ್ದು ಕಿಟಕಿಯ ಬಾಗಿಲಿನಷ್ಟಿತ್ತು. ಹಚ್ಚಿದೊಡನೆ ಅದರಲ್ಲಿ ಮೀನುಗಳು ಈಜಿದವು. ಮೂವರೂ ಬಾಯಿ ತೆರೆದುಕೊಂಡು ನಿಂತರು, ಅವರಿಗೂ ಮೀನುಗಳಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಪರದೆ ಉದ್ದಕ್ಕಿರಬೇಕೆಂದು ಪಂಕ್ಚರಿನವ, ಅಡ್ಡಕ್ಕಿರಬೇಕೆಂದು ಏಜೆಂಟ್ ಕಿತ್ತಾಡತೊಡಗಿದರು. ಲಾರಿ ಯಾರದು ಎಂಬುದು ಇಬ್ಬರಿಗೂ ಮರೆತೇಹೋಗಿತ್ತು.

“ಜಗಳ ಯಾಕೆ” ಎಂದು ಅಂಗಡಿಯವನು ಪರದೆಯನ್ನು ಬೆರಳಲ್ಲಿ ತಳ್ಳಿದ. ಅದು ಗಿರ್ರನೆ ಸುತ್ತಿತು. “ಉದ್ದ, ಅಡ್ಡ, ಹಿಂದೆ, ಮುಂದೆ, ಹೇಗೆ ಬೇಕಾದ್ರೂ ತಿರುಗುತ್ತೆ.”

ವೈಪರಿಗೆಂದು ಹೆಂಡತಿ ಕೊಟ್ಟ ದುಡ್ಡೂ ಅದರಲ್ಲೇ ಕರಗಿತು. ಡ್ಯಾಶ್‌ಬೋರ್ಡನ್ನು ಹಲಸಿನ ಹಣ್ಣಿನಂತೆ ಕೊಯ್ದರು. ಲಾರಿಯ ಕರೆಂಟು ಜಾಸ್ತಿ, ಪರದೆ ಅದನ್ನು ತಡೆಯುವುದಿಲ್ಲವೆಂದು ನಡುವೆ ಒಂದು ಕನ್ವರ್ಟರ್ ಕೂರಿಸಿದರು. ಎಲ್ಲ ಮುಗಿದ ಮೇಲೆ ನೋಡಿದರೆ ಡೀಸೆಲ್ ಮೀಟರು ಮಾಯ, ಎಡಗಡೆಯ ಕನ್ನಡಿ ಮಾಯ, ಗೇರಿನ ಕೋಲು ಮುಂದೆ ಹೋದಾಗಲೆಲ್ಲ ಪರದೆಗೆ ಟಕ್ಕೆಂದು ಬಡಿಯುತ್ತಿತ್ತು.

“ಮೂರನೇ ಗೇರಿಗೆ ಹಾಕೋಕಾಗ್ತಿಲ್ವಲ್ಲಪ್ಪ” ಎಂದ ಡೌಲಣ್ಣ.

“ಎರಡರಲ್ಲೇ ಹೋಗಿ ಸಾರ್. ಇಂಥದ್ದು ಇಟ್ಕೊಂಡೋರು ಯಾಕೆ ಓಡಿಸ್ಬೇಕು? ನಿಧಾನಕ್ಕೆ ಹೋದ್ರೆ ನಾಲ್ಕು ಜನ ನೋಡ್ತಾರೆ.”

ಈ ಮಾತು ಡೌಲಣ್ಣನಿಗೆ ಬಹಳ ಹಿಡಿಸಿತು.

ಗೋದಾಮಿನ ದಾರಿ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೂ ಪರದೆಯೊಳಗಿನ ಹೆಂಗಸು “ಎಡಕ್ಕೆ ತಿರುಗಿ” ಎಂದಾಗ, ಹೆಂಡತಿಯ ಮಾತಿಗೆ ಒಮ್ಮೆಯೂ ತೋರದ ವಿಧೇಯತೆಯಿಂದ ತಿರುಗಿದ. ಓಣಿ ಮುಂದೆ ಹೋಗಿ ಒಂದು ಗೋಡೆಗೆ ಮುಗಿಯಿತು. ರಿವರ್ಸ್ ಹಾಕಿದರೆ ಪರದೆಯಲ್ಲಿ ಮತ್ತೆ ಮೀನುಗಳೇ; ಕ್ಯಾಮೆರಾ ಜೋಡಿಸುವುದನ್ನು ಅಂಗಡಿಯವನು ಮರೆತಿದ್ದ. ಪಂಕ್ಚರಿನವ ಎಡಗಡೆಯಿಂದ “ಬಾ, ಬಾ” ಎನ್ನುತ್ತಿದ್ದ, ಏಜೆಂಟ್ ಬಲಗಡೆಯಿಂದ “ಬೇಡ, ಬೇಡ” ಎನ್ನುತ್ತಿದ್ದ. ಡೌಲಣ್ಣ ಇಬ್ಬರ ಮಾತನ್ನೂ ಅರ್ಧರ್ಧ ಕೇಳಿದ್ದರಿಂದ ಯಾರದೋ ಮನೆಯ ಕಸದ ಡ್ರಮ್ಮು ಲಾರಿಯ ಹಿಂದೆ ಸಿಕ್ಕಿಕೊಂಡು, ಗೋದಾಮಿನವರೆಗೂ ಗಡಗಡ ಸದ್ದು ಮಾಡುತ್ತಾ ಬಂತು.

ತಲುಪುವ ಹೊತ್ತಿಗೆ ಎಲ್ಲ ಲಾರಿಗಳೂ ಸಾಲಾಗಿ ನಿಂತಿದ್ದವು. ಷಡ್ಡಕನದು ಎಲ್ಲಕ್ಕಿಂತ ಮುಂದೆ, ತೊಳೆದು, ಒರೆಸಿ, ಎರಡೂ ವೈಪರಿನ ಸಮೇತ. ಡೌಲಣ್ಣನದು ಕಟ್ಟಕಡೆಗೆ, ಡ್ರಮ್ಮಿನ ಸಮೇತ. ಇದೊಂದು ಕೈತಪ್ಪಿದರೆ ಮನೆಯಲ್ಲಿ ತಲೆ ಎತ್ತುವಂತಿರಲಿಲ್ಲ.

ಸೂಪರ್‌ವೈಸರು ಒಂದೊಂದೇ ಲಾರಿಯ ಟೈರು ಒದ್ದು ನೋಡುತ್ತಾ ಬಂದರು. ಡೌಲಣ್ಣನ ಲಾರಿಯ ಬಾಗಿಲ ಬಳಿ ಬಂದವರು ಟೈರನ್ನು ನೋಡಲೇ ಇಲ್ಲ. ಕಿಟಕಿಯೊಳಗಿನ ಮೀನುಗಳನ್ನು ನೋಡುತ್ತಾ ನಿಂತುಬಿಟ್ಟರು.

“ಏನಯ್ಯ ಇದು? ಎಷ್ಟು ದೂರಕ್ಕೆ ಕಾಣುತ್ತೆ?”

“ರಸ್ತೆ ಆಚೆಗೂ ಕಾಣುತ್ತೆ ಸಾರ್. ಬಿಸಿಲಲ್ಲೂ ಕಾಣುತ್ತೆ.”

“ಹೊರಗಡೆಗೆ ತಿರುಗುತ್ತಾ?”

“ಹೇಗೆ ಬೇಕಾದ್ರೂ ತಿರುಗುತ್ತೆ ಸಾರ್” ಎಂದು ಡೌಲಣ್ಣ ಪರದೆಯನ್ನು ಗಾಜಿನ ಕಡೆಗೆ ತಿರುಗಿಸಿ ತೋರಿಸಿದ.

“ಆಯ್ತು. ನೀನು ಖಾಯಂ.”

ಡೌಲಣ್ಣನಿಗೆ ನೆಲ ಕಾಣಲಿಲ್ಲ. ಏಜೆಂಟ್ ಕೈ ಕುಲುಕಿದ, ಪಂಕ್ಚರಿನವ ಹೆಗಲು ತಟ್ಟಿದ. ಡೌಲಣ್ಣ ಸಾಲಿನವರೆಲ್ಲ ಕೇಳುವ ಹಾಗೆ ಹೆಂಡತಿಗೆ ಫೋನ್ ಮಾಡಿ, “ನಾನು ಹೇಳಿರ್ಲಿಲ್ವಾ? ಸ್ಕ್ರೀನ್ ನೋಡಿಯೇ ಕೊಟ್ರು. ನಿನ್ನ ತಂಗಿ ಗಂಡ ಬಾಯಿ ಬಿಟ್ಕೊಂಡು ನಿಂತಿದಾನೆ” ಎಂದ. ಆಮೇಲೆ ಗತ್ತಿನಿಂದ ಕೇಳಿದ, “ಲೋಡ್ ಎಲ್ಲಿಗೆ ಸಾರ್?”

“ಲೋಡಾ? ಲೋಡು ಆ ಮುಂದಿನ ಲಾರಿಯವನು ಒಯ್ತಾನೆ, ಅವನದೂ ಖಾಯಂ. ನೀನು ಈ ಗೇಟ್ ಪಕ್ಕ ಗಾಡಿ ನಿಲ್ಲಿಸ್ಕೋ. ಬೋರ್ಡ್ ಸುಟ್ಟುಹೋಗಿ ಸಾಕಾಗಿದೆ ನಂಗೆ. ಕಾವಲುಗಾರ ನಂಬರ್ ಹೇಳ್ತಾನೆ, ನೀನು ಅದರಲ್ಲಿ ಒತ್ತು.”

“ಬಾಡಿಗೆ ಸಾರ್?”

“ಓಡದ ಗಾಡಿಗೆ ಎಂಥ ಬಾಡಿಗೆಯಪ್ಪ? ನಿಂಗೂ ಕಾವಲುಗಾರನಷ್ಟೇ ಸಂಬಳ ಕೊಡ್ತೀವಿ. ಬೇಡ ಅಂದ್ರೆ ಹೇಳು, ಸಾಲಿನ ಕೊನೆಗೆ ಹೋಗಿ ನಿಂತ್ಕೋ.”

ಸಾಲಿನವರೆಲ್ಲ ನೋಡುತ್ತಿದ್ದರು. ಮನೆಯಲ್ಲಿ ಹೆಂಡತಿ ಅಷ್ಟರಲ್ಲಿ ತಂಗಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿಯೂ ಆಗಿತ್ತು. ಡೌಲಣ್ಣ ಗೇಟಿನ ಪಕ್ಕ ಲಾರಿ ನಿಲ್ಲಿಸಿ, ಪರದೆಯ ಮೀನುಗಳನ್ನು ಅಳಿಸಿ, ಮೊದಲ ನಂಬರು ಒತ್ತಿದ. ಅದು ಷಡ್ಡಕನದು.

ಷಡ್ಡಕ ಲೋಡಿಗೆಂದು ಲಾರಿಯನ್ನು ಹಿಂದಕ್ಕೆ ತರತೊಡಗಿದ. ಡೌಲಣ್ಣ ತನ್ನ ನಂಬರು ಚೆನ್ನಾಗಿ ಕಾಣುತ್ತಿದೆಯೇ ಎಂದು ನೋಡಲು ಕೆಳಗಿಳಿದು ನಿಂತಿದ್ದ. ಲಾರಿ ನಿಂತಿತು. ಕಿಟಕಿಯಿಂದ ಷಡ್ಡಕ ತಲೆ ಹೊರಗೆ ಹಾಕಿ, ಬಹಳ ಮರ್ಯಾದೆಯಿಂದ ಹೇಳಿದ:

“ಸ್ವಲ್ಪ ಪಕ್ಕಕ್ಕೆ ಬನ್ನಿ ಭಾವ. ಕ್ಯಾಮೆರಾದಲ್ಲಿ ಕಾಣ್ತಿದೀರಿ.”