ಪ್ರವಾದಿಗಳು, ಕರುಣೆ ಮತ್ತು ಅಡಿಕೆ ಕಲೆ

ನರಸಿಂಹರಾಜಪುರದ ಒಂದು ಸಣ್ಣ ಚರ್ಚಿಗೆ ನಾನು ಪಾದ್ರಿಯಾಗಿ ಹೋದದ್ದು ಎರಡು ಸಾವಿರದ ಇಸವಿಯ ನಂತರ, ಊರಲ್ಲಿ ಒಬ್ಬೊಬ್ಬರ ಜೇಬಿನಲ್ಲಿ ಮೊಬೈಲ್ ಕಾಣತೊಡಗಿದ ಕಾಲದಲ್ಲಿ. ಪ್ರವಾದಿಗಳ ಮಾತೆಂದರೆ ನನಗೆ ಬಲು ಪ್ರೀತಿ. ಬೆಂಕಿ, ಮಿಡತೆ, ಸಿಂಹ, ಆಮೇಲೆ ಕರುಣೆ. ಆದರೆ ಅವರ ಮಾತು ಎತ್ತಿಕೊಂಡ ಭಾನುವಾರ ಏನಾದರೊಂದು ಆಗದೆ ಆರಾಧನೆ ಮುಗಿದದ್ದು ಕಡಿಮೆ.

ಕಲೆ

ಪಾಪ ಎಷ್ಟೇ ಕೆಂಪಾಗಿದ್ದರೂ ದೇವರು ತೊಳೆದು ಬೆಳ್ಳಗೆ ಮಾಡುತ್ತಾನೆ ಎಂದು ಒಮ್ಮೆ ಹೇಳಿದೆ. ಬೈಬಲಿನಲ್ಲಿ ಇರುವುದು ಹಿಮದ ಹಾಗೆ ಎಂದು; ಹಿಮ ನೋಡಿದವರು ಸಭೆಯಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಒಗೆದ ಪಂಚೆಯ ಹಾಗೆ ಎಂದೆ. ಅಡಿಕೆ ಸುಲಿಯಲು ಹೋಗುವ ಅಜ್ಜಿಯೊಬ್ಬರು ಆಮೇಲೆ ಬಾಗಿಲಲ್ಲಿ ಕಾದಿದ್ದರು. ಸೆರಗು ಬಿಡಿಸಿ, ಅಡಿಕೆ ರಸ ಅಂಟಿದ ಕಂದು ಕಲೆ ತೋರಿಸಿದರು.

"ಅಯ್ಯನವರೇ, ಈ ಅಡಿಕೆ ಚೊಗರಿನ ಕಲೆ ಬಗ್ಗೆ ಅದರಲ್ಲಿ ಎಂತಾದ್ರೂ ಬರೆದಿದ್ಯಾ?"

"ಇಲ್ಲಮ್ಮ, ಅದು ಪಾಪಕ್ಕೆ ಮಾತ್ರ."

ಅಜ್ಜಿ ಸೆರಗು ಮಡಚಿಕೊಂಡರು. "ಹಂಗಾರೆ ಸುಲಭದ್ದು ಮಾತ್ರ ಹೋಗೋದು."

ಸಿಂಹ

ಡೈರಿಗೆ ಹಾಲು ಹಾಕುವ ಒಬ್ಬರು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದರು: "ನೀವು ಚರ್ಚಲ್ಲಿ ಹೇಳಿದ್ರಲ್ಲ, ಸಿಂಹ ಎತ್ತಿನ ಜೊತೆ ನಿಂತು ಹುಲ್ಲು ತಿನ್ನೋ ದಿನ ಬೇಗ ಬರುತ್ತಾ?"

"ಬರಲಿ ಅಂತಲೇ ಪ್ರಾರ್ಥನೆ ಮಾಡೋದು."

"ಈ ವರ್ಷ ಬೇಡ ಅಂತ ಹೇಳಿ. ಇರೋ ನಾಲ್ಕು ದನಕ್ಕೇ ಹುಲ್ಲು ಸಾಲ್ತಾ ಇಲ್ಲ."

ಗೋಡೆ

ದೇವರು ಗಾರೆಯವರು ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು ಹಿಡಿದು ಗೋಡೆಯ ಪಕ್ಕ ನಿಂತಿದ್ದಾನೆ, ವಾಲಿದ್ದೆಲ್ಲ ಬೀಳುತ್ತದೆ ಎಂದು ಒಂದು ಭಾನುವಾರ ಆವೇಶದಿಂದ ಹೇಳಿಬಿಟ್ಟೆ. ಸಭೆಯೆಲ್ಲ ತಿರುಗಿ ನನ್ನ ಬಲಗಡೆಯ ಗೋಡೆ ನೋಡಿತು. ಅದು ವಾಲಿದೆ ಎಂದು ಮೊದಲಿಂದಲೂ ಮಾತಿತ್ತು. ಕಟ್ಟಿದ ಗಾರೆ ಮೇಸ್ತ್ರಿ ಮೂರನೇ ಬೆಂಚಿನಲ್ಲೇ ಕೂತಿದ್ದರು. ತಲೆ ತಗ್ಗಿಸಿ ಎದ್ದು ಹೋದರು. ಅವರನ್ನು ಮನಸ್ಸಿನಲ್ಲಿಟ್ಟು ನಾನು ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ನೋಡಿದರೆ ಮೇಸ್ತ್ರಿ ಹಾರೆ ಹಿಡಿದು ಚರ್ಚಿನೊಳಗೆ ನಿಂತಿದ್ದಾರೆ.

"ದೇವರು ಬಂದು ಕೆಡವೋದು ಬೇಡ ಅಯ್ಯನವರೇ. ನಾನೇ ಕೆಡವಿ ಮತ್ತೆ ಕಟ್ಟಿಕೊಡ್ತೇನೆ."

ಹಾರೆ ಕೆಳಗಿಡಿಸಿ ಬೆಂಚಿನಲ್ಲಿ ಕೂರಿಸಿದೆ. ಗುಂಡಿನ ಮಾತು ಹೇಳಿದ ಪ್ರವಾದಿಯೇ ಜನರಿಗಾಗಿ ಬೇಡಿಕೊಂಡದ್ದು, ದೇವರ ಮನಸ್ಸು ಕರಗಿದ್ದು, ಬಿದ್ದದ್ದನ್ನು ತಾನೇ ಎತ್ತಿ ಕಟ್ಟುತ್ತೇನೆ ಎಂದದ್ದು, ಎಲ್ಲ ಹೇಳಿದೆ. ಭಾನುವಾರ ಪ್ರಸಂಗ ಅಲ್ಲಿಗೆ ಬರುವಷ್ಟರಲ್ಲಿ ಹೊತ್ತು ಮೀರಿ, ಅದನ್ನು ಬಿಟ್ಟಿದ್ದೆ.

ಅವರ ಮುಖ ಹಗುರಾಯಿತು. ಎದ್ದು ಚೀಲದಿಂದ ದಾರ ಕಟ್ಟಿದ ಗುಂಡು ತೆಗೆದು ಗೋಡೆಗೆ ಇಳಿಬಿಟ್ಟರು. ದಾರಕ್ಕೂ ಗೋಡೆಗೂ ಮೇಲೂ ಕೆಳಗೂ ಅಂತರ ಒಂದೇ. ಸುತ್ತ ನೋಡಿ, ಪಕ್ಕದಲ್ಲೇ ಇದ್ದ, ನಾನು ನಿಂತು ಮಾತಾಡುವ ಮರದ ಪೀಠಕ್ಕೂ ಇಳಿಬಿಟ್ಟರು. ಎರಡು ಬೆರಳು ವಾಲಿತ್ತು.

"ಗೋಡೆ ನೆಟ್ಟಗಿದೆ ಮಾರಾಯ್ರೇ. ನಿಮ್ಮ ಪೀಠದ ಪಕ್ಕ ಇಟ್ಟು ನೋಡಿದ್ರೆ ಯಾವ ಗೋಡೆನೂ ವಾಲಿದ ಹಂಗೇ ಕಾಣೋದು."

"ಹಾಗಾದರೆ ಇದನ್ನ ಕೆಡವಬೇಕಾ?" ಎಂದೆ.

ಮೇಸ್ತ್ರಿ ಹಂಚಿನ ಚೂರೊಂದನ್ನು ಪೀಠದ ಕಾಲಡಿಗೆ ತೂರಿಸಿದರು. "ಬೇಡ ಬಿಡಿ. ನೀವೀಗ ಅರ್ಧ ಗಂಟೆ ಹೇಳಿದ ಕರುಣೆ ಸ್ವಲ್ಪ ಉಳಿದಿದೆ."