ಸರಪಳಿಯಲ್ಲಿ ಸುಕ್ಷೇಮವಾಗಿದ್ದ ಏಣಿಯವರಿಗೆ

ನಮ್ಮ ಶಾಲೆಯ ಕಾರಿಡಾರಿನ ಗೋಡೆಯ ಮೇಲೆ ಹೋದ ವಾರದವರೆಗೆ ಅಡ್ಡಲಾಗಿ ವಿಶ್ರಮಿಸುತ್ತಿದ್ದ ಶ್ರೀ ಏಣಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ಗೋಡೆಯ ಮೇಲೆ ತಾವು ಕ್ಷೇಮವಾಗಿದ್ದಿರೆಂದು ನಂಬಿದ್ದೇವೆ. ಕೆಳಗೆ ನಾವು ಅಷ್ಟೇನೂ ಕ್ಷೇಮವಾಗಿರಲಿಲ್ಲ. ಅದನ್ನು ಅರಿಕೆ ಮಾಡಿಕೊಳ್ಳಲೆಂದೇ ಈ ಪತ್ರ.

ತಮಗೆ ಸಂಬಂಧಿಸಿದ ಈ ಕಥೆಯನ್ನು ನಮಗೆ ಮೊದಲು ಹೇಳಿದವರು ನಮ್ಮ ಶಾಲೆಯ ಅಡುಗೆಯವರು. ಅವರನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಹೇಳಿದ್ದು ಹೋದ ಗುರುವಾರ ಮಧ್ಯಾಹ್ನ, ಮಕ್ಕಳ ಊಟ ಮುಗಿದು ನಾವು ಸಿಬ್ಬಂದಿಯವರು ಅಡುಗೆಮನೆಯ ಬೆಂಚಿನ ಮೇಲೆ ಸಾಲಾಗಿ ಕೂತು ತಟ್ಟೆ ಹಿಡಿದಿದ್ದಾಗ. ಅವರು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ತಟ್ಟೆಯ ಊಟ ಆರಿಹೋಗಿತ್ತು, ಬಿಸಿ ಮಾಡಿಕೊಡಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಕಥೆಗೆ ಮುಂಚೆ ತಮ್ಮ ಗುಣಗಾನ ಮಾಡುವುದು ನನ್ನ ಕರ್ತವ್ಯ. ತಾವು ಈ ಶಾಲೆಗೆ ದಯಮಾಡಿಸಿದಂದಿನಿಂದ ತಮ್ಮ ಮೇಲಿಂದ ಒಬ್ಬರೂ ಬಿದ್ದಿಲ್ಲ. ಹೋದ ವಾರದವರೆಗೆ ಒಬ್ಬರೂ ಹತ್ತಿರಲಿಲ್ಲ ಎನ್ನುವುದು ಬೇರೆ ಮಾತು. ತಾವು ಬಂದ ವಾರವೇ ಜಿಲ್ಲೆಯ ಇನ್ನೊಂದು ಶಾಲೆಯಲ್ಲಿ ಗುಮಾಸ್ತರೊಬ್ಬರು ತಮ್ಮ ಏಣಿಕುಲದ ಬಾಂಧವರೊಬ್ಬರ ಮೇಲಿಂದ ಜಾರಿ ಪಾದ ಉಳುಕಿಸಿಕೊಂಡರಂತೆ. ಜಿಲ್ಲಾ ಕಚೇರಿಯ ಸುರಕ್ಷತಾ ಅಧಿಕಾರಿಗಳು ಬಹಳ ಮರುಗಿದರು. ಮರುಗಿ, ಜಿಲ್ಲೆಯ ಶಾಲೆಗಳ ಏಣಿಗಳನ್ನೆಲ್ಲ ಸರಪಳಿ ಹಾಕಿ ಗೋಡೆಗೆ ಬಿಗಿಯಬೇಕೆಂದೂ, ಏಣಿ ಹತ್ತುವ ತರಬೇತಿ ಪಡೆದವರು ಮಾತ್ರ ಬೀಗ ತೆಗೆಯಬೇಕೆಂದೂ ಆಜ್ಞೆ ಹೊರಡಿಸಿದರು. ತರಬೇತಿ ಕೊಡುವವರು ಬಂದರು ಕೂಡ. ಆದರೆ ತರಬೇತಿಯಾಗದೆ ಬೀಗ ತೆಗೆಯುವಂತಿಲ್ಲ, ಬೀಗ ತೆಗೆಯದೆ ತರಬೇತಿಯಿಲ್ಲ. ಹೀಗಾಗಿ ಅವರು ಕರಿಹಲಗೆಯ ಮೇಲೆ ತಮ್ಮ ಚಿತ್ರವೊಂದನ್ನು ಅಂದವಾಗಿ ಬರೆದು, ಕೈಯ ಸೀಮೆಸುಣ್ಣ ಒರೆಸಿಕೊಂಡು, ಟೀ ಕುಡಿದು ಹೊರಟುಹೋದರು. ಆ ಚಿತ್ರವನ್ನು ಹತ್ತಲು ಬಾರದ್ದರಿಂದ ನಮ್ಮಲ್ಲಿ ಯಾರೂ ಪಾಸಾಗಲಿಲ್ಲ.

ತಾವು ಮೇಲೆ ಮಲಗಿದಿರೆಂದು ಶಾಲೆಯ ಎತ್ತರವೇನೂ ಕಡಿಮೆಯಾಗಲಿಲ್ಲ. ಬಲ್ಬು ಸುಡುತ್ತದೆ, ಗೋಡೆ ಗಡಿಯಾರ ನಿಲ್ಲುತ್ತದೆ, ಮಕ್ಕಳ ಚೆಂಡು ಕಿಟಕಿಯ ಸಜ್ಜೆಯ ಮೇಲೆ ಹೋಗಿ ಕೂರುತ್ತದೆ. ವಿಜ್ಞಾನದ ಮೇಡಂ ಗಾಲಿ ಇರುವ ಆಫೀಸ್ ಕುರ್ಚಿಯ ಮೇಲೆ ನಿಂತು ಕಪಾಟಿನ ಮೇಲಿನ ಜಾಡಿಗೆ ಕೈ ಹಾಕಿದಾಗ, ಕುರ್ಚಿಯು ಅವರನ್ನು ಕಿಟಕಿಯ ತನಕ ಕರೆದುಕೊಂಡು ಹೋಯಿತು. ಚಲನೆಯ ಪಾಠ ಅಂದಷ್ಟು ಚೆನ್ನಾಗಿ ಎಂದೂ ಆಗಿರಲಿಲ್ಲವೆಂದು ಮಕ್ಕಳು ಈಗಲೂ ಹೇಳುತ್ತಾರೆ. ಪುಸ್ತಕಾಲಯ ನೋಡಿಕೊಳ್ಳುವ ನಾನು ಮೇಲಿನ ಸಾಲಿನ ವಿಶ್ವಕೋಶ ತೆಗೆಯಲು ಕೆಳಗಿನ ಸಾಲಿನ ವಿಶ್ವಕೋಶದ ಮೇಲೆ ನಿಲ್ಲುತ್ತೇನೆ. ಓದಿನಿಂದ ಮನುಷ್ಯ ಮೇಲೆ ಬರುತ್ತಾನೆ ಎಂದು ಮಕ್ಕಳಿಗೆ ಹೇಳುವಾಗ ನನ್ನ ಅಂಗಾಲು ಹೌದೌದು ಎನ್ನುತ್ತದೆ.

ಉಳಿದ ಎತ್ತರವೆಲ್ಲ ಅಟೆಂಡರ್ ಮಾವನ ಪಾಲು. ಗಂಟೆ ಹೊಡೆಯುವವರು, ನಲ್ಲಿ ತಿರುಗಿಸುವವರು, ಬಾಗಿಲ ಚಿಲಕಕ್ಕೆ ಎಣ್ಣೆ ಬಿಡುವವರು ಅವರೇ. ನಮ್ಮಲ್ಲಿ ಯಾರಿಗೂ ನಿಜವಾದ ಮಾವನಲ್ಲದಿದ್ದರೂ ಶಾಲೆಗೆಲ್ಲ ಮಾವ. ಮೇಜಿನ ಮೇಲೆ ಕುರ್ಚಿ ಇಟ್ಟು ಮಾವ ಮೇಲೇರುತ್ತಿದ್ದರು. ಈ ಸುದ್ದಿ ಜಿಲ್ಲಾ ಕಚೇರಿಗೂ ಮುಟ್ಟಿ, ಮೇಜು ಕುರ್ಚಿ ಹತ್ತಿ ಬಿದ್ದವರ ಮೇಲೆ ಶಿಸ್ತಿನ ಕ್ರಮ ಎಂಬ ಎರಡನೆಯ ಆಜ್ಞೆಯೂ ಬಂತು. ಅದರ ಪರಿಣಾಮ ಅದ್ಭುತ. ಅಂದಿನಿಂದ ಜಿಲ್ಲೆಯ ಯಾವ ಶಾಲೆಯಲ್ಲೂ ಒಬ್ಬರೂ ಬೀಳಲಿಲ್ಲ. ಬೀಳುವವರೆಲ್ಲ ಅವರವರ ಮನೆಯ ಬಚ್ಚಲಲ್ಲಿ ಬೀಳತೊಡಗಿದರು.

ಮಾವನೂ ಹೋದ ತಿಂಗಳು ಬಚ್ಚಲಲ್ಲೇ ಜಾರಿದರೆಂದು ನಾವು ನಂಬಿದ್ದೆವು. ಬಲಗೈ ಮಣಿಕಟ್ಟು ಊದಿ, ಗಂಟೆಯನ್ನು ಎಡಗೈಯಲ್ಲಿ ಹೊಡೆಯುತ್ತಿದ್ದರು. ಅವರ ಮಗಳು ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗುವುದರಿಂದ ಎರಡನೇ ಕ್ಲಾಸಿನ ಮೊಮ್ಮಗಳ ಜಡೆ ಹೆಣೆಯುವುದು ಅಜ್ಜನ ಕೆಲಸ. ಆ ಮಗು ಈಗ ಒಂದು ಜಡೆ ಕಿವಿಯ ಮುಂದೆ, ಇನ್ನೊಂದು ಹೆಗಲ ಹಿಂದೆ ಬಿಟ್ಟುಕೊಂಡು ಬರುತ್ತಿತ್ತು. ಗುರುವಾರ ಬೆಳಿಗ್ಗೆ ಮಾವ ಅಡುಗೆಮನೆಗೆ ಬಂದು, "ಅಕ್ಕಾ, ನಿನ್ನ ದೊಡ್ಡ ಪಾತ್ರೆ ನಾಳೆ ಬೆಳಿಗ್ಗೆ ಸ್ವಲ್ಪ ಹೊತ್ತು ಬೇಕಿತ್ತು" ಎಂದರಂತೆ. ಯಾಕೆ ಎಂದರೆ, ಸುರಕ್ಷತಾ ಸಪ್ತಾಹಕ್ಕೆ ನಾಳೆ ಅಧಿಕಾರಿಗಳು ಬರುತ್ತಾರೆ, ಗೇಟಿನ ಕಮಾನಿಗೆ ಬ್ಯಾನರ್ ಕಟ್ಟಬೇಕು, ಮೇಜು ಕುರ್ಚಿ ಇಟ್ಟರೂ ಕೈ ಎಟುಕುವುದಿಲ್ಲ, ಮೇಲೊಂದು ಪಾತ್ರೆ ಕವುಚಿ ಹಾಕಿದರೆ ಸರಿಹೋಗುತ್ತದೆ, ಎಂದು ವಿವರಿಸಿದರಂತೆ.

ದೊಡ್ಡಮ್ಮ ಮಧ್ಯಾಹ್ನ ಬಾಯಿ ಬಿಟ್ಟದ್ದು ಅದಕ್ಕೇ. "ಬಚ್ಚಲೂ ಇಲ್ಲ, ಗಿಚ್ಚಲೂ ಇಲ್ಲ" ಎಂದು ನಮ್ಮೆದುರು ಸೌಟು ಕೆಳಗಿಟ್ಟರು. "ಸಭಾಂಗಣದಲ್ಲಿ ಬಲ್ಬು ಹಾಕಕ್ಕೆ ಹೋಗಿ ಬಿದ್ದಿದ್ದು. ಧಡ್ ಅಂತು, ಓಡಿ ಹೋದೆ. ಇವನು ಕೆಳಗೆ, ಕುರ್ಚಿ ಇವನ ಮೇಲೆ. ಅಕ್ಕಾ, ನೀನು ಏನೂ ನೋಡಿಲ್ಲ ಅಂದ. ನೋಡಿಲ್ಲ ಕಣಪ್ಪಾ, ಕಣ್ಣು ಮುಚ್ಕೊಂಡೇ ಎತ್ತತೀನಿ ಏಳು ಅಂದೆ. ಒಂದು ತಿಂಗಳು ಕಣ್ಣು ಮುಚ್ಕೊಂಡಿದ್ದೆ. ಈಗ ಆ ಕೈಯಲ್ಲೇ ನನ್ನ ಪಾತ್ರೆ ಮೇಲೆ ನಿಂತು ಸುರಕ್ಷತೆ ಅಂತ ಬೋರ್ಡು ಕಟ್ತಾನಂತೆ. ಆ ಕೈ ಇನ್ನೊಂದು ಸಲ ಬಿದ್ರೆ ತುತ್ತು ಎತ್ತಕ್ಕೂ ಆಗಲ್ಲ. ನೀವೆಲ್ಲ ಓದಿದೋರು, ಏನಾದ್ರೂ ಮಾಡಿ."

ಬಲ್ಬು ಹಾಕಲು ಹೇಳಿದ್ದ ಹೆಡ್ ಮೇಡಂ ತಟ್ಟೆಯನ್ನು ಮಡಿಲಿಂದ ಕೆಳಗಿಟ್ಟರು.

ಓದಿದವರಾದ ನಾವು ಆ ಮಧ್ಯಾಹ್ನ ಮಾಡಿದ್ದು, ತಮ್ಮ ಮುಂದೆ ಬಂದು ನಿಂತದ್ದು. ತಮಗೆ ನೆನಪಿರಬಹುದು. ಸರಪಳಿಯನ್ನು ತಾವೇ ದಯವಿಟ್ಟು ಸಡಿಲಿಸಿಕೊಂಡು, ಎರಡು ಕಾಲೂರಿ ನಡೆದು, ಮಾವ ಬರುವ ಮೊದಲೇ ಗೇಟಿಗೆ ಒರಗಿ ನಿಲ್ಲಲು ಸಾಧ್ಯವೇ ಎಂದು ನಾನು ಮನಸ್ಸಿನಲ್ಲೇ ವಿನಂತಿಸಿದೆ. ಅದು ಕಷ್ಟವಾದರೆ ಕಮಾನಿಗಾದರೂ ಸ್ವಲ್ಪ ಬಗ್ಗಲು ಹೇಳಿ, ಹಿರಿಯರ ಮಾತು ಅದು ತೆಗೆದುಹಾಕಲಾರದು ಎಂದೆ. ತಾವು ಆಜ್ಞಾಪಾಲನೆಯಲ್ಲಿ ಎಷ್ಟು ನಿಷ್ಠರೆಂದರೆ ಒಂದು ಮೆಟ್ಟಿಲೂ ಅಲುಗಲಿಲ್ಲ. ನಾವೇ ಏನಾದರೂ ಮಾಡಬೇಕೆಂದು ನಮಗೆ ತಿಳಿದದ್ದು ಆಗಲೇ.

ಮರುದಿನ ಬೆಳಿಗ್ಗೆ ನಾವು ಮಾಡಿದ್ದು ಇಷ್ಟೇ: ಎಲ್ಲರೂ ಬೇಗ ಬಂದು ಕೂತೆವು. ಶಾಲೆಯಲ್ಲಿ ಮನುಷ್ಯನ ಭಾರ ತಡೆಯುವ ಯಾವುದನ್ನೂ ಖಾಲಿ ಬಿಡಲಿಲ್ಲ. ವಿಜ್ಞಾನದ ಮೇಡಂ ಗಾಲಿಯ ಕುರ್ಚಿಯಲ್ಲಿ, ಚಿತ್ರಕಲೆಯ ಮೇಷ್ಟ್ರು ಅವರ ಎತ್ತರದ ಸ್ಟೂಲಿನಲ್ಲಿ, ನಾನು ವಿಶ್ವಕೋಶದ ಮೇಲೆ, ಡ್ರಿಲ್ ಮಾಸ್ಟರು ಎರಡು ಬೆಂಚಿನ ಮೇಲೆ ಉದ್ದಕ್ಕೆ. ಹೆಡ್ ಮೇಡಂ ಅವರ ದೊಡ್ಡ ಮೇಜಿನ ಮೇಲೆಯೇ ಕಾಲು ಇಳಿಬಿಟ್ಟು ಕೂತಿದ್ದರು. ಮಾವ ಬ್ಯಾನರಿನ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಒಂದೊಂದೇ ಕೋಣೆಗೆ ಇಣುಕಿ, "ಸ್ವಲ್ಪ ಏಳ್ತೀರಾ" ಎಂದು ಕೇಳುತ್ತಾ ಬಂದರು. ಯಾರೂ ಏಳಲಿಲ್ಲ.

ಅಧಿಕಾರಿಗಳು ಬಂದರು. ಬೋಳು ಕಮಾನು ನೋಡಿ, ಕಾರಿಡಾರಿನಲ್ಲೂ ಕೋಣೆಗಳಲ್ಲೂ ಕೂತಿದ್ದ ನಮ್ಮನ್ನು ನೋಡಿ, ಏನಿದು ಎಂದರು. "ಸುರಕ್ಷತಾ ಸಪ್ತಾಹ ಅಲ್ವಾ ಸಾರ್, ಅದಕ್ಕೆ ಕೂತಿದೀವಿ. ಕೂತೋರು ಬೀಳಲ್ಲ" ಎಂದರು ಡ್ರಿಲ್ ಮಾಸ್ಟರು ಮಲಗಿದಲ್ಲಿಂದ. ಹಾಗಾದರೆ ಏಣಿಯ ಬೀಗ ತೆಗೆಯಿರಿ, ಇವತ್ತೊಂದು ದಿನ ನಾನು ಅನುಮತಿ ಕೊಡುತ್ತೇನೆ ಎಂದರು ಅಧಿಕಾರಿಗಳು. ಕೀಲಿ ಎಲ್ಲಿ ಎಂದರೆ, ಯಾರ ಕೈಗೂ ಸಿಗದಿರಲೆಂದು ಅವರೇ ಖುದ್ದಾಗಿ ಹೇಳಿ ಮೊಳೆ ಹೊಡೆಸಿ ತೂಗುಹಾಕಿಸಿದ್ದ ಜಾಗದಲ್ಲೇ, ಆಫೀಸಿನ ಗೋಡೆಯಲ್ಲಿ, ಸೂರಿಗೆ ಒಂದು ಗೇಣು ಕೆಳಗೆ, ಕ್ಷೇಮವಾಗಿತ್ತು.

ದೊಡ್ಡಮ್ಮ ಒಳಗೆ ಹೋಗಿ ಪಾತ್ರೆ ತಂದು, ಆ ಮೊಳೆಯ ಕೆಳಗೆ ಕವುಚಿ ಹಾಕಿದರು. "ಹತ್ತಿ ಸಾರ್. ನಾವೆಲ್ಲ ಹಿಡ್ಕೋತೀವಿ."

ಅಧಿಕಾರಿಗಳು ಒಂದು ಕಾಲು ಇಟ್ಟರು. ಪಾತ್ರೆ ಕಿರ್ರೆಂದು ಒಂದಂಗುಲ ಸರಿಯಿತು. ಅವರು ಮೇಲೆ ಕೀಲಿಯನ್ನು ನೋಡಿದರು, ಕೆಳಗೆ ನೆಲವನ್ನು ನೋಡಿದರು, ಕಾಲು ತೆಗೆದರು. ಆಮೇಲೆ, ಪಾತ್ರೆ ಹಿಡಿಯಲು ಬಗ್ಗಿದ್ದ ಮಾವನ ಮಣಿಕಟ್ಟನ್ನು ನೋಡಿದರು.

"ಇದು ಮನೇಲಿ ಬಿದ್ದಿದ್ದಾ, ಇಲ್ಲಿ ಬಿದ್ದಿದ್ದಾ?"

ಮಾವ ಬಚ್ಚಲು ಎನ್ನಲು ಬಾಯಿ ತೆರೆದಿದ್ದರು. ಹೆಡ್ ಮೇಡಂ ಮೇಜಿನಿಂದ ಇಳಿದು ಬಂದು, "ಇಲ್ಲೇ ಸಾರ್. ನನ್ನ ಕುರ್ಚಿಯಿಂದ. ಹತ್ತು ಅಂದಿದ್ದು ನಾನು. ಕ್ರಮ ತಗೊಳ್ಳೋದಾದ್ರೆ ನನ್ನಿಂದ ಶುರು ಮಾಡಿ" ಎಂದರು.

ಅಧಿಕಾರಿಗಳು ಕಬ್ಬಿಣ ಕೊಯ್ಯುವ ಗರಗಸ ಇದೆಯೇ ಎಂದು ಕೇಳಿ, ಕೋಟು ಬಿಚ್ಚಿ, ಡ್ರಿಲ್ ಮಾಸ್ಟರು ಬಿಟ್ಟುಕೊಟ್ಟ ಬೆಂಚಿನ ಮೇಲೆ ನಿಂತು, ತಮ್ಮ ಸರಪಳಿಯನ್ನು ಅವರೇ ಕೊಯ್ದರು. ಬ್ಯಾನರ್ ಕಟ್ಟಲು ತಮ್ಮನ್ನು ಹತ್ತಿದವರು ಡ್ರಿಲ್ ಮಾಸ್ಟರು. ಕೆಳಗೆ ತಮ್ಮ ಕಾಲು ಹಿಡಿದು ನಿಂತವರು ನಾನೂ ಅಧಿಕಾರಿಗಳೂ. ಮಾವ ಅದನ್ನು ನೋಡಲಿಲ್ಲ. ಅಷ್ಟರಲ್ಲಿ ಅವರು ಅಧಿಕಾರಿಗಳ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಕೈಯನ್ನು ಮಡಿಲಲ್ಲಿಟ್ಟುಕೊಂಡು, ಶಾಲೆಯ ಕೆಲಸದಲ್ಲಿ ಬಿದ್ದವರೆಂದೇ ಬರೆಸಿಕೊಳ್ಳಲು ಆಸ್ಪತ್ರೆಗೆ ಹೊರಟಿದ್ದರು.

ತಮ್ಮ ವಿಶ್ವಾಸಿ,
ಪುಸ್ತಕಾಲಯದವನು

ಮರೆತ ಮಾತು: ಜಿಲ್ಲಾ ಕಚೇರಿಯಿಂದ ತಮಗೆ ಇನ್ನೂ ದಪ್ಪನೆಯ ಸರಪಳಿಯೊಂದು ಮಂಜೂರಾಗಿದೆಯೆಂದು ಕೇಳಿದೆವು, ಸಂತೋಷ. ತಮ್ಮನ್ನು ಮೊದಲಿನ ಎತ್ತರಕ್ಕೆ ಏರಿಸಿ ಬಿಗಿಯಲು ಬರುವವರು ನಿಲ್ಲುವುದಕ್ಕೆ ಏನಾದರೂ ಜೊತೆಯಲ್ಲೇ ತರಲಿ ಎಂದು ತಿಳಿಸಿಬಿಡಿ. ಅವರು ಬರುವ ದಿನ ನಾವೆಲ್ಲ ಕೂತಿರುತ್ತೇವೆ.