ಮೇಷ್ಟ್ರು ಹಿಂದಿನ ಸೀಟಿನಲ್ಲಿ

ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಕಾರು ಕಲಿಸಿದ ಡ್ರೈವಿಂಗ್ ಮೇಷ್ಟ್ರು, ರಜೆಗೆ ಮನೆಗೆ ಹೊರಡುವಾಗ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬೇಕಾಯಿತಲ್ಲ, ಇದಕ್ಕಿಂತ ಅವಮಾನ ಇನ್ನೇನು ಬೇಕು! ಹಿಂದಿನ ದಿನ ಕುರ್ಚಿ ಹತ್ತಿ, ಶಾಲೆಯ ಬಾಗಿಲಿಗೆ 'ಎಚ್ಚರಿಕೆಯೇ ಜೀವ' ಎಂಬ ಫಲಕ ತೂಗುಹಾಕುವಾಗ ಬಿದ್ದು ಕಾಲು ಉಳುಕಿತ್ತು. (ಫಲಕಕ್ಕೆ ಏನೂ ಆಗಲಿಲ್ಲ.)

ಆರು ತಿಂಗಳ ಮೇಲೆ ಹಾಸ್ಟೆಲಿನಿಂದ ಮನೆಗೆ ಬಂದ ಮಗಳು ಸಂಜೆ ಐದರ ಬಸ್ಸಿಗೆ ವಾಪಸು ಹೊರಡುವವಳು. ಅಷ್ಟರೊಳಗೆ ಅವಳ ಮುಖ ನೋಡಬೇಕು. ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಅದೇ ಮನೆಗೆ ಹೊರಟ, ಕಾರು ಓಡಿಸಬಲ್ಲ ಜೀವ ಒಂದೇ: ಹೆಂಡತಿಯ ಅಕ್ಕ. ಈ ಅತ್ತಿಗೆಯನ್ನು ಮೇಷ್ಟ್ರು ತಮ್ಮ ಶಾಲೆಯಲ್ಲಿ ಮೂರು ಸಲ ಫೇಲು ಮಾಡಿದ್ದರು. ಆಕೆ ಬೇರೆ ಕಡೆ ಕಲಿತು ಲೈಸೆನ್ಸ್ ತಂದರೂ, ಮೇಷ್ಟ್ರು ಕಾರಣ ಬರೆದುಕೊಟ್ಟ ಆ ಮೂರು ಫೇಲು ಚೀಟಿಗಳನ್ನು ಪರ್ಸಿನಲ್ಲಿ ಜೋಪಾನವಾಗಿಟ್ಟಿದ್ದರು.

ಕಾರು ಹೊರಟಿತು ಎನ್ನುವುದು ದೊಡ್ಡ ಮಾತು. ಹಾಲಿನ ಕ್ಯಾನು ಹೇರಿದ ಸೈಕಲ್ಲಿನವನೊಬ್ಬ ಅವರನ್ನು ಹಿಂದಿಕ್ಕಿ, ಒಂದು ಮನೆಗೆ ಹಾಲು ಹಾಕಿ, ಮತ್ತೆ ಬಂದು ಹಿಂದಿಕ್ಕಿದ. ಸ್ವಲ್ಪ ಬೇಗ ಹೋಗಬಹುದಲ್ಲ ಎಂದು ಮೇಷ್ಟ್ರು ಗೊಣಗಿದರು. ಅತ್ತಿಗೆ ಶಾಸ್ತ್ರೋಕ್ತವಾಗಿ ಇಂಡಿಕೇಟರ್ ಹಾಕಿ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಪರ್ಸು ತೆರೆದರು.

"'ಆತುರ ಹೆಚ್ಚು. ಸೈಕಲ್ಲನ್ನು ಹಿಂದಿಕ್ಕಿದರು. ಫೇಲು.' ಈ ಅಕ್ಷರ ಯಾರದ್ದು ಮೇಷ್ಟ್ರೇ?"

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಮುಂದಿನ ಪ್ರಯಾಣವೆಲ್ಲ ಇಪ್ಪತ್ತರ ವೇಗದಲ್ಲೇ ಸಾಗಿತು.

ಮನೆ ಮುಟ್ಟಿದಾಗ ನಾಲ್ಕೂ ಕಾಲು. ಊಟಕ್ಕೂ ಹೊತ್ತಿಲ್ಲ. ಮಗಳು ಅಪ್ಪನನ್ನು ತಬ್ಬಿಕೊಂಡವಳೇ ಬ್ಯಾಗು ಕಾರಿಗೆ ಹಾಕಿದಳು. ಹೊಸ ಲೈಸೆನ್ಸ್ ಬಂದಿದೆ, ಬಸ್ ಸ್ಟ್ಯಾಂಡಿಗೆ ತಾನೇ ಓಡಿಸುತ್ತೇನೆ, ದೊಡ್ಡಮ್ಮ ಪಕ್ಕದಲ್ಲಿರಲಿ ಎಂದಳು.

"ನಾನಿಲ್ವೇನೆ?"

"ನೀನು ಪಕ್ಕದಲ್ಲಿದ್ರೆ ನನಗೆ ಕೈ ನಡುಗುತ್ತೆ ಅಪ್ಪಾ. ಹಿಂದೆ ಕೂತ್ಕೋ."

ಮೇಷ್ಟ್ರು ಕುಂಟುತ್ತಾ ಹೋಗಿ ಮತ್ತೆ ಹಿಂದಿನ ಸೀಟಿನಲ್ಲಿ ಕೂತರು. ಮಗಳ ಜಡೆಯ ತುದಿಯಷ್ಟೇ ಕಾಣುತ್ತಿತ್ತು. ಇನ್ನು ಅರ್ಧ ಗಂಟೆ, ಆಮೇಲೆ ಮತ್ತೆ ಆರು ತಿಂಗಳು. ಆಗ ಅವರಿಗೆ ತಮ್ಮ ನಿಯಮಗಳೆಲ್ಲ ಒಂದೊಂದಾಗಿ ನೆನಪಾದವು; ಹಿಂದಿನಿಂದಲೇ ಹೇಳತೊಡಗಿದರು. ಇಪ್ಪತ್ತು ದಾಟಬಾರದು. ಪ್ರತಿ ತಿರುವಿನಲ್ಲೂ ಪೂರ್ತಿ ನಿಲ್ಲಬೇಕು. ನಾಲ್ಕೂ ಚಕ್ರ ಇಳಿದು ನೋಡಬೇಕು. (ಇದು ಯಾವ ಶಾಲೆಯ ನಿಯಮವೋ, ಅವರ ಶಾಲೆಯದ್ದಂತೂ ಅಲ್ಲ.) ಮಗಳು ಚಾಚೂ ತಪ್ಪದೆ ಪಾಲಿಸಿದಳು. ಅತ್ತಿಗೆ ಕನ್ನಡಿಯಲ್ಲಿ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಧೂಳು ಮಾತ್ರ ಉಳಿದಿತ್ತು. ಮುಂದಿನ ಬಸ್ಸು ನಾಳೆ ಬೆಳಿಗ್ಗೆ. ಮಗಳು ತಲೆ ಮೇಲೆ ಕೈಹೊತ್ತಳು. ಅತ್ತಿಗೆ ಒಂದು ಚೀಟಿ ಗೀಚಿ ಹಿಂದಕ್ಕೆ ಚಾಚಿದರು.

"'ಬೇಕೆಂದೇ ತಡ ಮಾಡಿಸಿದರು. ಫೇಲು.' ರುಜು ಹಾಕಿ ಮೇಷ್ಟ್ರೇ."

ಮೇಷ್ಟ್ರು ಸಂತೋಷವಾಗಿ ರುಜು ಹಾಕಿ, ಚೀಟಿಯನ್ನು ಮಡಚಿ ಜೇಬಿನಲ್ಲಿ ಜೋಪಾನವಾಗಿಟ್ಟುಕೊಂಡರು. ಬೆಳಗಿನಿಂದ ಖಾಲಿಯಿದ್ದ ಹೊಟ್ಟೆ ಆಗ ತಾಳ ಹಾಕತೊಡಗಿತು.

"ಊಟ ಕಾಯ್ತಿದೆ ಮಗಳೇ, ಈಗ ಸ್ವಲ್ಪ ಬೇಗ ಓಡಿಸು."

ಮುಂದಿನ ಸೀಟಿನವರಿಬ್ಬರೂ ಒಟ್ಟಿಗೇ ಹೇಳಿದರು: "ಇಪ್ಪತ್ತು."